ನರಗುಂದದ ಸವಳು ನೀರು, ಕುಮಟೆಯ ಶೆಟ್ಲಿ

ಮೊದಲ ದಿನ

ಎಳ್ಳ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಹೊರಟೆವು. ಹಿಂದಿನ ದಿನವಷ್ಟೇ ನರಗುಂದದ ಹತ್ತಿರ ದೊಡ್ಡಪ್ಪನ ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಉಂಡಿದ್ದೆವು. ಹೊಟ್ಟೆ ಇನ್ನೂ ಭಾರ. ಉಳಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯನ್ನು ದೊಡ್ಡವ್ವ ಅರಿವೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಅಣ್ಣನ ಕೈಯಲ್ಲಿ ಎರಡು ಲೀಟರಿನ ಒಂದು ಹಳೆ ಬಾಟಲಿ ಇತ್ತು. ಅದರಲ್ಲಿ ಅವನ ಬೋರಿನ ನೀರು.

ಅಣ್ಣ ಅಂದರೆ ದೊಡ್ಡಪ್ಪನ ಮಗ. ನಾನು ಹುಬ್ಬಳ್ಳಿಯಲ್ಲಿ ನೌಕರಿ ಹಿಡಿದೆ, ಅವನು ಹೊಲ ಹಿಡಿದ. ಮಲಪ್ರಭಾ ಕಾಲುವೆ ಬಂದ ಮೇಲೆ ನಮ್ಮ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಗಳು ಬದಲಾದವು. ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ತಗ್ಗಿನ ಹೊಲಗಳಲ್ಲಿ ನೀರು ನಿಂತು ನಿಂತು, ಮಣ್ಣಿನ ಕೆಳಗಿದ್ದ ಉಪ್ಪು ಮೇಲೆ ಬಂತು. ಇದಕ್ಕೆ ನಾವು ಸವಳು-ಜವಳು ಅನ್ನುತ್ತೇವೆ. ಅಣ್ಣನ ಮೂರು ಎಕರೆ ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಬಿತ್ತಿದ ಜೋಳ ಗೇಣುದ್ದ ಬಂದು, ಮುಂದೆ ಬೆಳೆಯುವುದೋ ಬೇಡವೋ ಅಂತ ಯೋಚನೆ ಮಾಡುತ್ತಾ ನಿಂತುಬಿಡುತ್ತದೆ.

ಹೀಗಿರುವಾಗ ಅವನ ಮೊಬೈಲಿಗೆ ಒಂದು ವಿಡಿಯೋ ಬಂತು. ಹರಿಯಾಣ, ಪಂಜಾಬಿನ ಸವಳು ಭೂಮಿಯಲ್ಲಿ ಹೊಂಡ ತೆಗೆದು ಸಿಗಡಿ ಸಾಕುತ್ತಾರೆ ಅಂತ. ಅದು ಸುಳ್ಳಲ್ಲ, ನಿಜವಾಗಿಯೂ ಸಾಕುತ್ತಾರೆ. ಆದರೆ ನಮ್ಮ ಮನೆತನದಲ್ಲಿ ಮೀನು ತಿಂದವರೇ ಇಲ್ಲ. ಸಿಗಡಿ ಅಂದರೆ ಮೀನೋ ಹುಳವೋ ಅನ್ನುವುದೂ ದೊಡ್ಡವ್ವನಿಗೆ ಗೊತ್ತಿಲ್ಲ. "ತಿನ್ನೂದು ಬ್ಯಾರೆ, ಬೆಳಿಯೂದು ಬ್ಯಾರೆ. ತಂಬಾಕ ಬೆಳಿಯೋರೆಲ್ಲ ತಂಬಾಕ ತಿಂತಾರೇನು?" ಅಂದ ಅಣ್ಣ. ಈ ವಾದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಧಾರವಾಡದಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಗೆಳೆಯನೊಬ್ಬ ಕುಮಟೆಯವನು. ಅವನಿಗೆ ಫೋನ್ ಮಾಡಿದೆ. "ಬನ್ನಿ, ಅಮಾವಾಸ್ಯೆ ಆಜುಬಾಜಿಗೇ ಬನ್ನಿ" ಅಂದ. ಅಮಾವಾಸ್ಯೆ ಯಾಕೆ ಅಂತ ಆಗ ತಿಳಿಯಲಿಲ್ಲ.

ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಕಲಘಟಗಿ, ಯಲ್ಲಾಪುರ ದಾಟಿದೆವು. ಅರಬೈಲ್ ಘಾಟಿನಲ್ಲಿ ಮುಂದೆ ಲಾರಿ, ಹಿಂದೆ ಲಾರಿ. ಹುಬ್ಬಳ್ಳಿ-ಅಂಕೋಲಾ ರೈಲು ಬಂದರೆ ಎಷ್ಟು ಚೆಂದ ಅಂತ ನಮ್ಮಪ್ಪನ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಘಾಟಿನಲ್ಲಿ ಕೂತಾಗ ಮಾತ್ರ ಅದು ನೆನಪಾಗುವುದು.

ಅಂಕೋಲಾದಿಂದ ಕುಮಟೆಯ ಕಡೆ ತಿರುಗಿದ ಮೇಲೆ ಗಂಗಾವಳಿ ಹೊಳೆ ದಾಟುತ್ತೇವೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ, ದಾರಿಯಲ್ಲಿ ಬೇಡ್ತಿ ಅನ್ನಿಸಿಕೊಂಡು, ಇಲ್ಲಿಗೆ ಬಂದು ಗಂಗಾವಳಿ ಆಗುತ್ತಾಳೆ. ಅಣ್ಣನಿಗೆ ತೋರಿಸಿದೆ. ಅವನು ಕಿಟಕಿಯಿಂದ ಹೊರಗೆ ಇಣುಕಿ, "ನೋಡ, ಇಷ್ಟ ನೀರು ಸುಮ್ನ ಸಮುದ್ರಕ್ಕ ಹೊಂಟೈತಿ" ಅಂದ. 1980ರಲ್ಲಿ ನೀರಿನ ಕರದ ವಿರುದ್ಧ ಎದ್ದು ಗುಂಡೇಟು ತಿಂದ ಸೀಮೆ ನಮ್ಮದು. ಆಮೇಲೆ ಮಹದಾಯಿ ಹೊಳೆಯ ನೀರಿಗಾಗಿ ವರ್ಷಗಟ್ಟಲೆ ಟೆಂಟ್ ಹಾಕಿ ಕೂತ ಸೀಮೆಯೂ ನಮ್ಮದೇ. ಸಮುದ್ರಕ್ಕೆ ಹೋಗುವ ನೀರು ನೋಡಿದರೆ ನಮ್ಮವರ ಹೊಟ್ಟೆ ಉರಿಯುವುದು ಸಹಜ.

ಎರಡನೇ ದಿನ

ಬೆಳಿಗ್ಗೆ ಗೆಳೆಯ ಬೈಕಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಘನಾಶಿನಿ ಹಿನ್ನೀರಿನ ಅಂಚಿನ ಒಂದು ಊರಿಗೆ ಕರೆದುಕೊಂಡು ಹೋದ. (ಮೂವರು ಕೂರಬಾರದು, ಗೊತ್ತು.) ತೆಂಗಿನ ತೋಟ ಮುಗಿದ ಕೂಡಲೇ ಒಮ್ಮೆಲೇ ಬಯಲು. ಕಣ್ಣು ಹಾಯುವಷ್ಟು ದೂರ ನೀರು, ನಡುವೆ ಕಲ್ಲು ಮಣ್ಣಿನ ಒಡ್ಡುಗಳು. ಸಿರಸಿ ಕಡೆ ಹುಟ್ಟಿ, ಎಲ್ಲೂ ಒಂದು ಅಣೆಕಟ್ಟು ಕಾಣದೆ ಅಘನಾಶಿನಿ ಇಲ್ಲಿಗೆ ಬರುತ್ತದೆ. ತದಡಿಯ ಹತ್ತಿರ ಸಮುದ್ರ ಸೇರುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಅದೇ ಹೊತ್ತಿಗೆ ಪಟ್ಟಿ ಸೇರಿದ್ದು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ. ಇದನ್ನು ಹೇಳಿದಾಗ ಅಣ್ಣನಿಗೆ ಇಲ್ಲಿಯವರು ಯಾವುದೋ ದೂರದ ಬೀಗರು ಅನ್ನಿಸಿರಬೇಕು. ಮುಖ ಅರಳಿತು.

ನೋಡಬೇಕಾದ್ದು ವನ್ನಾಮಿ ಅನ್ನುವ ಸಿಗಡಿ ತಳಿಯನ್ನು ಸಾಕುವ ಕೆರೆ. ಇಲ್ಲಿ ಸಿಗಡಿಗೆ ಶೆಟ್ಲಿ ಅನ್ನುತ್ತಾರೆ, ಕೊಂಕಣಿ ಮಾತಾಡುವವರು ಸುಂಗಟ ಅನ್ನುತ್ತಾರೆ. ಕೆರೆಯವರು ನಲವತ್ತೈದರ ಆಸುಪಾಸಿನ ಮನುಷ್ಯ. ಗಜನಿ ಅನ್ನುವ ಹೊಳೆ ಪಕ್ಕದ ತಗ್ಗು ಗದ್ದೆಯನ್ನು ಗೇಣಿಗೆ ಹಿಡಿದು ಎರಡು ಕೆರೆ ಮಾಡಿದ್ದಾರೆ. ಒಳಗೆ ಹೋಗುವ ಮುಂಚೆ ಬಕೆಟ್ಟಿನ ಔಷಧಿ ನೀರಿನಲ್ಲಿ ಕಾಲು ತೊಳೆಸಿದರು. ಸುತ್ತ ಏಡಿ ಬರದ ಹಾಗೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಬೇಲಿ, ಮೇಲೆ ಹಕ್ಕಿ ಇಳಿಯದ ಹಾಗೆ ದಾರ. ನಡುವೆ ಗಾಳಿಚಕ್ರಗಳು ನೀರು ಚಿಮ್ಮಿಸುತ್ತಾ ತಿರುಗುತ್ತಿದ್ದವು.

ಅಣ್ಣ ನಿಂತಲ್ಲೇ ಪ್ರಶ್ನೆ ಶುರು ಮಾಡಿದ. ಬೀಜ ಎಲ್ಲಿಂದ? ಆಂಧ್ರ, ತಮಿಳುನಾಡಿನ ಮರಿಕೇಂದ್ರಗಳಿಂದ. ಅವರಿಗೆ ಎಲ್ಲಿಂದ? ತಾಯಿ ಸಿಗಡಿ ಅಮೆರಿಕದ ಹವಾಯಿ, ಫ್ಲೋರಿಡಾ ಕಡೆಯಿಂದ ವಿಮಾನದಲ್ಲಿ ಚೆನ್ನೈಗೆ ಬರುತ್ತದೆ. ರೋಗ ಇದೆಯೋ ಇಲ್ಲವೋ ನೋಡಲು ಅಲ್ಲಿ ಬೇರೆ ಇಟ್ಟು, ಆಮೇಲೆ ಬಿಡುತ್ತಾರೆ. "ನಾ ಇನ್ನೂ ವಿಮಾನ ಹತ್ತಿಲ್ರೀ" ಅಂದ ಅಣ್ಣ. ವನ್ನಾಮಿ ನಮ್ಮ ದೇಶದ ತಳಿಯೇ ಅಲ್ಲ, ಲ್ಯಾಟಿನ್ ಅಮೆರಿಕದ ಪೆಸಿಫಿಕ್ ದಂಡೆಯದು. ಇಲ್ಲಿ ಸಾಕಲು ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಅದಕ್ಕೂ ಮುಂಚೆ ಹೆಚ್ಚಿನವರು ಹುಲಿ ಸಿಗಡಿ ಸಾಕುತ್ತಿದ್ದರು.

ಖರ್ಚಿನ ಅರ್ಧಕ್ಕಿಂತ ಜಾಸ್ತಿ ಫೀಡಿಗೇ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಹಾಕಬೇಕು. ಹಾಕಿದ ಮೇಲೆ ನೀರಲ್ಲಿ ಮುಳುಗಿಸಿಟ್ಟ ತಟ್ಟೆ ಎತ್ತಿ, ತಿಂದಿದೆಯೋ ಬಿಟ್ಟಿದೆಯೋ ನೋಡಬೇಕು. ಅವರು ಒಂದು ತಟ್ಟೆ ಎತ್ತಿದರು. ಗಾಜಿನಂಥ ಮೈ, ಒಳಗಿನ ಕಪ್ಪು ಗೆರೆ ಕಾಣುತ್ತಿತ್ತು. "ಕರುಳು ತುಂಬಿದೆ. ಆರಾಮ ಇವೆ" ಅಂದರು. ನಮ್ಮಲ್ಲಿ ಮೇವು ಬಿಟ್ಟ ಎತ್ತು ಮತ್ತೆ ತಿನ್ನಲು ಶುರು ಮಾಡಿದರೆ ಮನೆಯೇ ಹಗುರಾಗುತ್ತದಲ್ಲ, ಅಂಥದ್ದೇ ಸಮಾಧಾನ ಅವರ ಮುಖದಲ್ಲಿ.

ರಾತ್ರಿ ಗಾಳಿಚಕ್ರ ನಿಲ್ಲುವ ಹಾಗಿಲ್ಲ. ಬೆಳಗಿನ ಜಾವಕ್ಕೆ ನೀರಿನಲ್ಲಿ ಪ್ರಾಣವಾಯು ತೀರಾ ಇಳಿಯುತ್ತದೆ. ಆಗ ಕರೆಂಟು ಹೋದರೆ ಡೀಸೆಲ್ ಜನರೇಟರ್. ಅದೂ ಕೈಕೊಟ್ಟರೆ ಮೂರು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ತೇಲಿರುತ್ತದೆ. ನೂರು, ನೂರಾ ಇಪ್ಪತ್ತು ದಿನಕ್ಕೆ ಹಿಡಿಯುತ್ತಾರೆ. ಒಂದು ಸಿಗಡಿ 20 ಗ್ರಾಂ ಆದರೆ ಕಿಲೋಗೆ ಐವತ್ತು. ಇದಕ್ಕೆ 50 ಕೌಂಟ್ ಅನ್ನುತ್ತಾರೆ. ಕೌಂಟ್ ಇಳಿದಷ್ಟೂ ದರ ಏರುತ್ತದೆ. ಆದರೆ ದೊಡ್ಡದಾಗಲಿ ಅಂತ ಇನ್ನೂ ಒಂದು ವಾರ ಕಾದರೆ, ಆ ವಾರದಲ್ಲೇ ರೋಗ ಬರಬಹುದು.

"ರೋಗ ಬಂದರ?" ಅಂದ ಅಣ್ಣ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಿಳಿ ಚುಕ್ಕೆ ರೋಗ ನಮ್ಮ ದೇಶದ ಕರಾವಳಿಗೆ ಬಂದದ್ದು 1994-95ರಲ್ಲಿ. ಅವರಪ್ಪನ ಕಾಲ. ಹುಲಿ ಸಿಗಡಿಯ ಚಿನ್ನದ ದಿನಗಳು. ಒಡವೆ ಅಡವಿಟ್ಟು ಕೆರೆ ತೋಡಿಸಿದವರಿದ್ದರು. ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡ ವಾರ, ಹತ್ತು ದಿನದಲ್ಲಿ ಕೆರೆ ಖಾಲಿ. ಅದರ ಹಿಂದೆಯೇ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಸಮುದ್ರದಂಡೆಯ ನಿಯಂತ್ರಣ ವಲಯದೊಳಗೆ ಹಳೆ ಪದ್ಧತಿಯ ಸಾಕಣೆ ಬಿಟ್ಟು ಬೇರೆ ಸಿಗಡಿ ಕೆರೆ ಇರಬಾರದು ಅಂತ. ಕುಡಿಯುವ ನೀರು ಉಪ್ಪಾಯಿತು, ಗದ್ದೆ ಕೆಟ್ಟಿತು ಅಂತ ದೇಶದ ಬೇರೆ ಬೇರೆ ದಂಡೆಯ ಜನ ಕೋರ್ಟಿಗೆ ಹೋಗಿದ್ದರು. 2005ರಲ್ಲಿ ಕರಾವಳಿಯ ಸಾಕಣೆಗೆ ಕಾನೂನು ಬಂದು, ಪ್ರಾಧಿಕಾರ ಆಗಿ, ಹೆಸರು ನೋಂದಾಯಿಸಿ ಮಾಡಿ ಅಂತಾಯಿತು. 2009ರಲ್ಲಿ ವನ್ನಾಮಿಗೆ ಒಪ್ಪಿಗೆ ಕೊಟ್ಟಾಗ ಚದರ ಮೀಟರಿಗೆ 60 ಮರಿಗಿಂತ ಜಾಸ್ತಿ ಬಿಡಬಾರದು ಅಂತ ಮಿತಿ ಹಾಕಿದರು.

ರೋಗ ಇಲ್ಲದಿದ್ದರೆ ದರದ ಚಿಂತೆ. ನಮ್ಮ ದೇಶದ ಸಿಗಡಿಯ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟಿನಲ್ಲಿ ಅಲ್ಲಿಯ ಸರ್ಕಾರ ನಮ್ಮ ಸರಕಿನ ಮೇಲೆ 50 ಪರ್ಸೆಂಟ್ ಸುಂಕ ಹೇರಿದಾಗ, ಇಲ್ಲಿ ಒಡ್ಡಿನ ಮೇಲೆ ನಿಂತವರೂ ಟಿವಿ ನೋಡುತ್ತಾ ಕೂತರಂತೆ. "ಆ ಪುಣ್ಯಾತ್ಮ ಏನೋ ಹೇಳ್ತ, ಇಲ್ಲಿ ಏಜೆಂಟ್ ಫೋನ್ ಎತ್ತೂದಿಲ್ಲ" ಅಂದರು ಕೆರೆಯವರು. ಮರಿ ಸಾಲ, ಫೀಡ್ ಸಾಲ. ಫೀಡ್ ಕೊಟ್ಟವನೇ ಕೆಲವೊಮ್ಮೆ ಮಾಲನ್ನೂ ಎತ್ತುತ್ತಾನೆ, ದರವನ್ನೂ ಅವನೇ ಹೇಳುತ್ತಾನೆ.

ಅಣ್ಣ ನನ್ನ ಕಡೆ ತಿರುಗಿದ. "ತಮ್ಮಾ, ಇದು ನಮ್ಮ ಹತ್ತಿ ಬೆಳಿನ ಆತಲ್ಲೋ. ಬೀಜಾ ಅಂಗಡ್ಯಾಂವಂದು, ಹುಳಕ್ಕ ಹೊಡಿಯೂ ಎಣ್ಣಿ ಅಂಗಡ್ಯಾಂವಂದು, ದರಾ ದಲಾಲಂದು. ಹುಳಾ ಅಷ್ಟ ನಮ್ಮದು."

ಆಮೇಲೆ ಬಾಟಲಿ ಹೊರಗೆ ಬಂತು. ನಾಚಿಕೊಂಡೇ ಕೊಟ್ಟ. ಕೆರೆಯವರು ಉಪ್ಪು ಅಳೆಯುವ ಒಂದು ಸಣ್ಣ ದುರ್ಬೀನು ತಂದರು. ಅದರ ಗಾಜಿನ ಮೇಲೆ ಎರಡು ಹನಿ ಹಾಕಿ, ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಒರೆಸಿ ಮತ್ತೆ ನೋಡಿದರು. ಕಡೆಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ನಕ್ಕುಬಿಟ್ಟರು.

"ಇದ್ಯಾವ ಉಪ್ಪುನೀರು ಮಾರಾಯ್ರಾ! ನಮ್ಮಲ್ಲಿ ಇದಕ್ಕೆ ಸಿಹಿನೀರು ಹೇಳೂದು."

ಅವರ ಕೆರೆ 22 ತೋರಿಸಿತು. ಲೀಟರಿಗೆ 22 ಗ್ರಾಂ ಉಪ್ಪು. ಸಮುದ್ರದ್ದು 35ರ ಹತ್ತಿರ. ಅಣ್ಣನ ಬೋರಿನದು ಬರೀ 3. ಆ ಮೂರು ಗ್ರಾಮೇ ನಮ್ಮ ಮೂರು ಎಕರೆ ಜೋಳವನ್ನು ಕುಂದಿಸಿತ್ತು. ಅಣ್ಣನ ಮುಖ ಹೇಗಾಯಿತು ಅಂದರೆ, ದೊಡ್ಡ ಕಾಯಿಲೆ ಅಂತ ಹುಬ್ಬಳ್ಳಿಯ ದವಾಖಾನೆಗೆ ಹೋದವನಿಗೆ ಡಾಕ್ಟರು "ನಿನಗೇನೂ ಆಗಿಲ್ಲ, ಹೋಗು" ಅಂದ ಹಾಗೆ.

ಆದರೆ ಕೆರೆಯವರು ಬಾಗಿಲು ಪೂರ್ತಿ ಮುಚ್ಚಲಿಲ್ಲ. ವನ್ನಾಮಿ ಗಟ್ಟಿ ಪ್ರಾಣಿ, ಇಷ್ಟು ಕಡಿಮೆ ಉಪ್ಪಿನಲ್ಲೂ ನಿಧಾನ ಒಗ್ಗಿಸಿದರೆ ಬದುಕುತ್ತದೆ. ಆದರೆ ನೆಲದೊಳಗಿನ ಸವಳು ನೀರಿನಲ್ಲಿ ಪೊಟ್ಯಾಷ್ ಸಾಲುವುದಿಲ್ಲ, ಅದನ್ನು ತಂದು ಸುರಿಯಬೇಕು. ಹರಿಯಾಣದವರೂ ಹಾಗೇ ಮಾಡುವುದು. "ಅದೆಲ್ಲ ಮಾಡಬಹುದು. ಹಿಡಿದಾದ ಮೇಲೆ ಕೆರೆ ನೀರು ಬಿಡಬೇಕಲ್ಲ, ನೀವು ಎಲ್ಲಿ ಬಿಡ್ತೀರಿ?" ಅಂತ ಕೇಳಿದರು. ಇಲ್ಲಿಯಾದರೆ ಹೊಳೆ ಇದೆ, ಇಳಿತಕ್ಕೆ ಸಮುದ್ರ ಎಳೆದುಕೊಳ್ಳುತ್ತದೆ. ಅದೂ ಸುಮ್ಮನೆ ಬಿಡುವ ಹಾಗಿಲ್ಲ, ಅದು ಬೇರೆ ಮಾತು. ಅಣ್ಣ ಉತ್ತರ ಕೊಡಲಿಲ್ಲ. ಅವನ ಹೊಲದ ತಗ್ಗಿಗೆ ಇರುವುದು ಬೇರೆಯವರ ಹೊಲ.

ಉಳಿದ ನೀರನ್ನು ಕೆರೆಗೇ ಚೆಲ್ಲಲು ಹೋದ. ಅವರು ಹಾರಿ ಬಂದು ಕೈ ಹಿಡಿದರು. ಹೊರಗಿನ ಹನಿ ನೀರೂ ಒಳಗೆ ಬೀಳಬಾರದಂತೆ. ಬಾಟಲಿ ವಾಪಸ್ ಚೀಲಕ್ಕೆ ಹೋಯಿತು.

ಅದೇ ರಾತ್ರಿ

ಗೆಳೆಯ ಅಮಾವಾಸ್ಯೆ ಅಂದದ್ದು ಯಾಕೆ ಅಂತ ರಾತ್ರಿ ಒಂದು ಗಂಟೆಗೆ ತಿಳಿಯಿತು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನಾಲ್ಕಾರು ದಿನ ಭರತಿ ಜೋರು, ಇಳಿತವೂ ಜೋರು. ಆಗಲೇ ಗಜನಿಯ ಶೆಟ್ಲಿ ಹಿಡಿಯುವುದು.

ಗಜನಿ ಅಂದರೆ ಹೊಳೆಯ ಪಕ್ಕ ಒಡ್ಡು ಕಟ್ಟಿದ ತಗ್ಗು ಗದ್ದೆ. ಮಳೆಗಾಲದಲ್ಲಿ ಮಳೆ ನೀರು ಉಪ್ಪು ತೊಳೆದಾಗ ಕಗ್ಗ ಅನ್ನುವ ಭತ್ತ. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು ಬಿಡುತ್ತಾರೆ. ನೀರಿನ ಜೊತೆ ಸಣ್ಣ ಶೆಟ್ಲಿ, ಮೀನಿನ ಮರಿ ತಾವಾಗಿ ಬರುತ್ತವೆ. ಭತ್ತದ ಕೂಳೆ ಕೊಳೆತು ಅವಕ್ಕೆ ಮೇವು, ಅವುಗಳ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ಮರಿ ಕೊಳ್ಳುವ ಹಾಗಿಲ್ಲ, ಫೀಡ್ ಇಲ್ಲ, ಕರೆಂಟ್ ಬಿಲ್ ಇಲ್ಲ.

ತೂಬು ನಮ್ಮ ಕೆರೆ ತೂಬಿನ ಹಾಗೇ, ಆದರೆ ಅದಕ್ಕಿಂತ ದೊಡ್ಡದಿತ್ತು. ಎರಡು ಕಡೆ ಕಲ್ಲಿನ ಗೋಡೆ, ನಡುವೆ ಒಂದರ ಮೇಲೊಂದು ಮರದ ಹಲಗೆ. ಮೇಲೆ ಒಂದು ದೀಪ ಕಟ್ಟಿದ್ದರು. ಬೆಳಕಿಗೆ ಶೆಟ್ಲಿ ಬರುತ್ತವೆ. ಇಳಿತ ಶುರುವಾದ ಕೂಡಲೇ ಚೀಲದಂಥ ಬಲೆಯನ್ನು ತೂಬಿನ ಬಾಯಿಗೆ ಬಿಗಿದು, ಹಲಗೆ ಒಂದೊಂದೇ ಎತ್ತಿದರು. ನೀರು ಗದ್ದಲ ಮಾಡುತ್ತಾ ಹೊರಗೆ ಓಡಿತು. ಬಲೆ ಉಬ್ಬಿತು. ಟಾರ್ಚ್ ಬಿಟ್ಟಾಗ ಬಲೆಯ ತುಂಬ ಕೆಂಡದ ಚುಕ್ಕೆಗಳು. ಶೆಟ್ಲಿಯ ಕಣ್ಣು ಹಾಗೆ ಹೊಳೆಯುತ್ತವೆ ಅಂತ ನನಗೆ ಗೊತ್ತಿರಲಿಲ್ಲ.

ಬುಟ್ಟಿಗೆ ಸುರಿದಾಗ ವನ್ನಾಮಿ ಕೆರೆಯ ಹಾಗೆ ಒಂದೇ ಅಳತೆ ಇರಲಿಲ್ಲ. ದೊಡ್ಡದು, ಸಣ್ಣದು, ನಡುವೆ ಏಡಿ, ಮಡ್ಲೆ ಮೀನು, ಹೆಸರು ಗೊತ್ತಿಲ್ಲದ್ದು ನಾಲ್ಕು. ಬೆಳಗಿನ ಜಾವ ಪಾಲು ಹಾಕಿದರು. ಗಜನಿಯನ್ನು ಹರಾಜಿನಲ್ಲಿ ಹಿಡಿದವನಿಗೆ ದೊಡ್ಡ ಪಾಲು. ದುಡಿದವರಿಗೆ ಕೂಲಿ, ಮೇಲೆ ಪಲ್ಯಕ್ಕಾಗುವಷ್ಟು ಸಣ್ಣ ಶೆಟ್ಲಿ. ಅಣ್ಣ ಕಂಬಳಿ ಹೊದ್ದು ಒಡ್ಡಿನ ಮೇಲೆ ಕೂತು ಎಲ್ಲ ನೋಡಿದ. ವಾಸನೆಗೆ ಮೂಗಿಗೆ ಟವೆಲ್ ಹಿಡಿದಿದ್ದ, ಆದರೆ ಎದ್ದು ಹೋಗಲಿಲ್ಲ.

ಮೂರನೇ ದಿನ

ನಿದ್ದೆ ಆಗಲಿಲ್ಲ. ಬೆಳಕು ಹರಿದಾಗ ಹೊಳೆ ಪೂರ್ತಿ ಇಳಿದಿತ್ತು. ನಿನ್ನೆ ನೀರಿದ್ದಲ್ಲಿ ಇಂದು ಕೆಸರಿನ ಬಯಲು, ಅದರ ತುಂಬ ಹೆಂಗಸರು. ಸೀರೆ ಮೇಲೆ ಕಟ್ಟಿ, ಬಗ್ಗಿ ಬಳಚು ಆರಿಸುತ್ತಿದ್ದರು. ಚಿಪ್ಪಿನೊಳಗಿನ ಈ ಮಾಂಸ ಇಲ್ಲಿ ಅನ್ನದ ಜೊತೆ ದಿನದ ಊಟ. ಕಷ್ಟದ ಮನೆಗೆ ದುಡ್ಡು ಕೊಡದೆ ಸಿಗುವ ಊಟವೂ ಹೌದು, ಮಾರಿದರೆ ಅವತ್ತಿನ ಸಂತೆಯೂ ಹೌದು.

ದಡಕ್ಕೆ ಬಂದ ಒಬ್ಬ ಅಮ್ಮನ ಹತ್ತಿರ ಮಾತಿಗೆ ನಿಂತೆವು. ಗಂಡ ತದಡಿಯಿಂದ ಬೋಟಿಗೆ ಹೋಗುತ್ತಾನೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಬಂದ್, ಆಗ ಮನೆಯಲ್ಲೇ. ಸೊಸೆ ಶೆಟ್ಲಿ ಸುಲಿಯಲು ಹೋಗುತ್ತಾಳೆ, ಕಿಲೋ ಲೆಕ್ಕದಲ್ಲಿ ಕೂಲಿ. ಮಗ ಗೋವಾದಲ್ಲಿ. ಇವರದು ಬಳಚು, ಮತ್ತೆ ಒಣಮೀನು. "ಒಂದ್ ಕಡೆ ಇಲ್ಲದಿದ್ರೆ ಇನ್ನೊಂದ್ ಕಡೆ ತಮಾ. ಎಲ್ಲಾ ಕಡೆ ಒಟ್ಟಿಗೇ ಹೋಗೂದಿಲ್ಲ" ಅಂದರು. ಸುಲಿಯುವ ಸೊಸೆಯ ಬೆರಳು ಮಂಜಿನ ನೀರಿಗೂ ಶೆಟ್ಲಿಯ ಮುಳ್ಳಿಗೂ ಒಡೆದಿರುತ್ತದಂತೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ನಮ್ಮ ಹೆಂಗಸರ ಕೈ ನೆನಪಾಯಿತು. ಅವು ಉರಿ, ಇವು ತಣ್ಣಗೆ. ಅಷ್ಟೇ ವ್ಯತ್ಯಾಸ.

ಬಳಚು ಮೊದಲಿನ ಹಾಗೆ ಸಿಗುವುದಿಲ್ಲ ಅಂದರು. ಆರಿಸುವವರು ಜಾಸ್ತಿ. ಮಳೆ ಹೆಚ್ಚೂಕಮ್ಮಿ ಆದರೆ ಹೊಳೆಯ ನೀರಿನ ರುಚಿ ಬದಲಾಗುತ್ತದೆ. ರುಚಿ ಬದಲಾದರೆ ಚಿಪ್ಪು ಸಾಯುತ್ತದೆ. ಸಿಹಿ ಜಾಸ್ತಿ ಆದರೂ ಕಷ್ಟ, ಉಪ್ಪು ಜಾಸ್ತಿ ಆದರೂ ಕಷ್ಟ. ಅಣ್ಣ ಅದನ್ನು ಎರಡು ಸಲ ಕೇಳಿ ತಿಳಿದುಕೊಂಡ. "ಅಂದರ ಮ್ಯಾಲಿಂದ ಸಿಹಿನೀರು ಬರಲಿಲ್ಲಂದ್ರ?" ಅಂದ. ಆ ಅಮ್ಮ ಅವನನ್ನು ಸಣ್ಣ ಹುಡುಗನ ಹಾಗೆ ನೋಡಿದರು. "ಹೊಳೆ ಬರದಿದ್ರೆ ಎಂತಾ ಇದ್ದದೆ ಇಲ್ಲಿ? ಸಮುದ್ರ ಒಂದೇ ಉಳೂದು."

ಆಮೇಲೆ ಅಣ್ಣ ತುಂಬ ಹೊತ್ತು ಮಾತಾಡಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಅಂದದ್ದನ್ನು ನಾನೂ ನೆನಪಿಸಲಿಲ್ಲ. ನಮ್ಮೂರಿನಲ್ಲಿ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವುದೂ ಅಷ್ಟೇ ನಿಜ ಅಲ್ವಾ?

ಮಧ್ಯಾಹ್ನ ಮಾಣಿಕಟ್ಟಾ ಕಡೆ ಹೋದೆವು. ಕಗ್ಗ ಬೆಳೆಯುವವರು ಉಳಿದಿರುವ ಊರುಗಳಲ್ಲಿ ಇದೊಂದು. ಮೊದಲು ಒಡ್ಡು ಮಣ್ಣಿನದು, ಊರವರೇ ಸೇರಿ ಪ್ರತಿವರ್ಷ ಕಟ್ಟುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಕಾಯಂ ಒಡ್ಡು ಕಟ್ಟಿಸಿತು. ಒಡ್ಡು ಗಟ್ಟಿಯಾಯಿತು, ಕಟ್ಟುವ ಜನರ ಒಗ್ಗಟ್ಟು ಸಡಿಲ ಆಯಿತು. ಮುಂದೆ ಶೆಟ್ಲಿಗೆ ದರ ಬಂದಾಗ ಭತ್ತ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. ಒಡ್ಡು ಒಡೆದ ಕಡೆ ಬಾವಿಗೂ ಉಪ್ಪು ಬಂತು. ಇದನ್ನೆಲ್ಲ ಹೇಳಿದವರು ಒಬ್ಬ ಹಿರಿಯರು. ಕಗ್ಗದ ಕೆಂಪು ಅಕ್ಕಿ ಗಂಜಿ, ಮಾವಿನ ಮಿಡಿ ಕೊಟ್ಟರು. ದೊಡ್ಡವ್ವನ ಸಜ್ಜೆ ರೊಟ್ಟಿ ಕಲ್ಲಾಗಿತ್ತು. ಅದನ್ನು ಗಂಜಿಯಲ್ಲಿ ಮುರಿದು ಹಾಕಿಕೊಂಡು ಉಂಡೆವು. ಅಣ್ಣ ಈ ನಾಲ್ಕು ದಿನದಲ್ಲಿ ಹೊಟ್ಟೆ ತುಂಬ ಉಂಡದ್ದು ಇದೊಂದೇ ಸಲ.

ಕಗ್ಗಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಉಪ್ಪು ತಡೆಯುತ್ತದೆ, ನೆರೆ ಬಂದು ಕೆಲ ದಿನ ಮುಳುಗಿದರೂ ಏಳುತ್ತದೆ. ಇಳುವರಿ ಕಮ್ಮಿ. ಅಣ್ಣನ ಕಣ್ಣು ಹೊಳೆದದ್ದು ನೋಡಿ ಹಿರಿಯರು ಒಳಗೆ ಹೋಗಿ ಒಂದು ಬೊಗಸೆ ಬೀಜ ತಂದರು. ಕಾಗದದಲ್ಲಿ ಕಟ್ಟಿ, "ನೋಡಿ ಒಂದ್ ಸಲ" ಅಂದರು.

ನಾಲ್ಕನೇ ದಿನ

ವಾಪಸ್ ಬರುವಾಗ ಮೀನಿನ ಗಾಡಿಗಳು ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋದವು. ಹಿಂದಿನಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು. ಹುಬ್ಬಳ್ಳಿಯಲ್ಲಿ ಅಣ್ಣನೇ ಹಟ ಮಾಡಿದ, ಗಣೇಶಪೇಟೆ ಮೀನು ಮಾರ್ಕೆಟ್ ನೋಡಿ ಹೋಗೋಣ ಅಂತ. ಟವೆಲ್ ಮೂಗಿಗೆ ಹಿಡಿದೇ ಒಳಗೆ ನಡೆದ. ಸಿಗಡಿಯ ದರ ಕೇಳಿದ. ಕೆರೆಯವರು ಹೇಳಿದ ದರ ನೆನಪಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, "ನಮ್ಮ ಉಳ್ಳಾಗಡ್ಡಿನೂ ಹಿಂಗ" ಅಂದ. ಮಾರುವವಳು "ತಗೋರಿ ಯಣ್ಣಾ, ತಾಜಾ ಅದಾವ" ಅಂತ ಒಂದು ಮುಷ್ಟಿ ಎತ್ತಿ ತೋರಿಸಿದಳು. ಅಣ್ಣ ಕೈಯಲ್ಲಿ ಒಂದನ್ನು ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದ. "ಕರಳ ಖಾಲಿ ಐತಿ" ಅಂದ. ಅವಳು ನಗಬೇಕೋ ಬೈ‌ಯಬೇಕೋ ಗೊತ್ತಾಗದೆ ನಿಂತಳು.

ಸಂಜೆ ನರಗುಂದ. ದೊಡ್ಡವ್ವ ಚೀಲ ತೆಗೆದು ಮೂಗು ಮುರಿದಳು. ರೊಟ್ಟಿ ಕಟ್ಟಿದ ಅರಿವೆಯನ್ನು ನೇರ ಬಚ್ಚಲಿಗೆ ಒಗೆದಳು. ಬಾಟಲಿ ಹೋದ ಹಾಗೇ ಬಂದಿತ್ತು, ಎರಡು ಹನಿ ಮಾತ್ರ ಕಮ್ಮಿ. ಅಣ್ಣ ಕಾಗದದ ಪೊಟ್ಟಣ ಬಿಚ್ಚಿ ಅವಳ ಮುಂದೆ ಇಟ್ಟ.

"ಏನಿದು? ಸಿಗಡಿ ಬೀಜಾ ಏನು?"

"ಭತ್ತ ಅವ್ವ. ಕಗ್ಗ ಅಂತಾರ. ಸವಳಿನಾಗ ಬರ್ತೈತಂತ."

ದೊಡ್ಡವ್ವ ನಾಲ್ಕು ಕಾಳು ಅಂಗೈಯಲ್ಲಿ ಹಾಕಿಕೊಂಡು ಉಜ್ಜಿದಳು. ಒಂದನ್ನು ಹಲ್ಲಿನಲ್ಲಿ ಕಡಿದು ನೋಡಿದಳು.

"ಕಾಳು ಚಲೋ ಐತಿ. ಅಲ್ಲೋ, ಅಲ್ಲಿ ಮಳಿ ಎಷ್ಟ ಆಕ್ಕೈತಿ, ಇಲ್ಲಿ ಎಷ್ಟ ಆಕ್ಕೈತಿ? ಕಾಲವಿಗೆ ನೀರ ಎಂದ ಬಿಡತಾರ, ಅದನ್ನರ ಕೇಳಿಕೊಂಡ ಬಂದೀಯೇನು?"